ಹ್ಯೂಬ್ರಿಸ್ ಅಂದ್ರೆ ಬರೀ ಗರ್ವ ಅಲ್ಲ

‘ಹ್ಯೂಬ್ರಿಸ್’ (hubris) ಅನ್ನೋ ಇಂಗ್ಲಿಷ್ ಪದದ ಬಗ್ಗೆ ಬಂದ ಲೇಖನ ಓದಿದೆ, ಚೆನ್ನಾಗಿದೆ. ಆದ್ರೆ ಅದರಲ್ಲಿ ಹ್ಯೂಬ್ರಿಸ್ ಅಂದ್ರೆ ಅತಿಯಾದ ಗರ್ವ ಅಂತಷ್ಟೇ ಹೇಳಿ ಮುಗಿಸಿದ್ದು ಸಾಲದು. ಇಂಗ್ಲಿಷ್‌ಗೆ ಇದು ಬಂದದ್ದು ಗ್ರೀಕ್‌ನಿಂದ. ಹಳೆಯ ಅಥೆನ್ಸ್‌ನಲ್ಲಿ ಇದು ಕೋರ್ಟಿಗೆ ಎಳೆಯಬಹುದಾದ ಅಪರಾಧ. ಲಾಭವೇನೂ ಇಲ್ಲದಿದ್ದರೂ ಸುಮ್ನೆ ಖುಷಿಗೆ ಇನ್ನೊಬ್ಬರ ಮಾನ ಕಳೆಯುವುದು ಅಂತ ಅರಿಸ್ಟಾಟಲ್ ವಿವರಿಸಿದ್ದಾನೆ.

ನಮ್ಮ ರಾಯಚೂರಿನ ಹತ್ತಿ ಮಾರ್ಕೆಟ್‌ನಲ್ಲಿ ಇಂಥ ಸೊಕ್ಕು ಕಣ್ಣಾರೆ ಕಂಡಿದ್ದೇನೆ. ವ್ಯಾಪಾರಿಯೊಬ್ಬ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಹತ್ತಿ ಹಿಂಜಿ ನೋಡಿ, ರೈತನ ಕಾಲ ಬುಡಕ್ಕೆ ಎಸೆದು ‘ಇದೂ ಒಂದು ಮಾಲಾ?’ ಅಂದ. ಕೊನೆಗೆ ಕೊಂಡದ್ದು ಅದೇ ಮಾಲನ್ನು, ಎಲ್ಲರಿಗೂ ಕೊಟ್ಟ ರೇಟಿಗೇ. ಆ ಹಿರಿಯರು ಬಗ್ಗಿ ಬಿದ್ದ ಹತ್ತಿ ಆರಿಸಿಕೊಂಡರು. ಹೊಟ್ಟೆ ಉರಿಯಿತು.

ದೊಡ್ಡವರ ಉದಾಹರಣೆ ಬೇಕಂದ್ರೆ 1520ರ ರಾಯಚೂರು ಯುದ್ಧ ಇದೆ. ಗೆದ್ದ ಕೃಷ್ಣದೇವರಾಯ, ಆದಿಲ್ ಶಾಹ ಬಂದು ತನ್ನ ಪಾದಕ್ಕೆ ಮುತ್ತಿಡಬೇಕು ಅಂತ ಷರತ್ತು ಹಾಕಿದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ನಾವು ಇದನ್ನು ಪೌರುಷ ಅಂತ ಹೆಮ್ಮೆಯಿಂದ ಹೇಳುತ್ತೇವೆ. ರಾಯರ ಮೇಲೆ ನನಗೆ ಗೌರವ ಜಾಸ್ತಿ, ಆದರೂ ಆ ಷರತ್ತು ಮಾತ್ರ ಹ್ಯೂಬ್ರಿಸ್ಸೇ. ಕೋಟೆ ಆಗಲೇ ಕೈಗೆ ಬಂದಿತ್ತು ಅಲ್ವಾ?