ಬೇರಿಂಗ್‌ಗೆ ಸುತ್ತಿಗೆ ಏಟು ಬೇಡ

2024ರ ಜುಲೈನಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಪುಣೆಯ ಸಿಂಹಗಡ ರಸ್ತೆ ಕಡೆಯ ಎಷ್ಟೋ ಸೊಸೈಟಿಗಳ ಪಾರ್ಕಿಂಗಿಗೆ ನೀರು ನುಗ್ಗಿತು. ನಮ್ಮ ಸಣ್ಣ ಕಾರಿನ ಗಾಲಿಗಳು ಅರ್ಧ ಮುಳುಗಿದ್ದವು. ಎಂಜಿನ್ ಉಳಿಯಿತು. ಆದರೆ ಗಾಲಿ ಸಲೀಸಾಗಿ ತಿರುಗಲು ಅದರ ನಡುವೆ ಬೇರಿಂಗ್ ಇರುತ್ತದೆ: ಎರಡು ಉಂಗುರ, ಅವುಗಳ ನಡುವೆ ಉರುಳುವ ಗುಂಡುಗಳು. ಅದರ ಸೀಲ್ ದಾಟಿ ನೀರು ಒಳಗೆ ಹೋದರೆ ಗ್ರೀಸ್ ಕೆಡುತ್ತದೆ, ತುಕ್ಕು ಹಿಡಿಯುತ್ತದೆ. ದೀಪಾವಳಿ ಹೊತ್ತಿಗೆ ಕಾರಿನ ಮುಂಭಾಗದಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು.

ನಮ್ಮೂರು ಹುಬ್ಬಳ್ಳಿಯ ಮೆಕ್ಯಾನಿಕ್ ಕಾಕಾಗೆ ಫೋನ್ ಹಚ್ಚಿದೆ. "ಬಲಕ್ಕ ಹೊಳ್ಳಿಸಿದ್ರ ಸದ್ದು ಜಾಸ್ತಿ ಆಗ್ತದೇನೋ ತಮ್ಮಾ?" ಅಂದರು. ಹೌದು ಅಂದೆ. "ಹಂಗಾದ್ರ ಎಡಗಾಲೀದು." ಬಲಕ್ಕೆ ತಿರುಗುವಾಗ ಭಾರ ಎಡಗಾಲಿ ಮೇಲೆ ಬೀಳುತ್ತದೆ, ಅದಕ್ಕೆ. ಜಾಕ್ ಹಾಕಿ, ಸ್ಪ್ರಿಂಗ್ ಮೇಲೆ ಕೈಯಿಟ್ಟು ಗಾಲಿ ತಿರುಗಿಸಲು ಹೇಳಿದರು. ಗರಗರ ಅನ್ನುವುದು ಕೈಗೇ ಗೊತ್ತಾಯಿತು. ಇಲ್ಲಿ ಪುಣೆಯಲ್ಲಿ ನಾನು ನೋಡಿದ ಗ್ಯಾರೇಜುಗಳಲ್ಲಿ ಹೀಗೆ ಹೇಳಿಕೊಡುವವರು ಸಿಗಲಿಲ್ಲ. ಬೆಳಿಗ್ಗೆ ಕಾರು ಬಿಡಬೇಕು, ಸಂಜೆ ಬಿಲ್ ಕಟ್ಟಬೇಕು, ಅಷ್ಟೆ.

ಆದರೆ ಬೇರಿಂಗ್ ಕೂರಿಸುವ ವಿಷಯದಲ್ಲಿ ನಾನು ಪುಣೆಯವರ ಪರ. ಹಿಂದೊಮ್ಮೆ ಊರಲ್ಲಿ ಬೇರೊಂದು ಗ್ಯಾರೇಜಿನವರು ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದೇ ಕೂರಿಸಿದ್ದರು. ಐದು ತಿಂಗಳಿಗೆ ಮತ್ತೆ ಅದೇ ಸದ್ದು. ಏಟು ಗುಂಡುಗಳ ಮೂಲಕ ಹಾದುಹೋದರೆ, ಅವು ಉರುಳುವ ನುಣುಪು ದಾರಿಯಲ್ಲಿ ಸಣ್ಣ ಕುಳಿಗಳು ಬೀಳುತ್ತವೆ. ಹೊಸ ಬೇರಿಂಗ್ ಅವತ್ತೇ ಹಾಳಾಯಿತು ಅಂತಲೇ ಲೆಕ್ಕ.

ಈ ಸಲ ಒಂದು ಭಾನುವಾರ ನಾನೇ ಬಿಚ್ಚಿದೆ. ಗಾಲಿ ನೆಲದ ಮೇಲಿರುವಾಗಲೇ, ಹೆಂಡತಿ ಬ್ರೇಕ್ ಒತ್ತಿಹಿಡಿದಾಗ, ಗಾಲಿಯ ನಡುವಿನ ದೊಡ್ಡ ಆಕ್ಸಲ್ ನಟ್ ಸಡಿಲ ಮಾಡಿದೆ. ಆಮೇಲೆ ಜಾಕ್, ಅದರ ಜೊತೆ ಸ್ಟ್ಯಾಂಡ್. ಬರೀ ಜಾಕ್ ನಂಬಿ ಯಾರೂ ಕಾರಿನ ಕೆಳಗೆ ಕೈ ಹಾಕಬಾರದು. ಬ್ರೇಕ್ ಕ್ಯಾಲಿಪರ್ ಪೈಪಿನಲ್ಲಿ ಜೋತಾಡದಂತೆ ತಂತಿಯಿಂದ ಕಟ್ಟಿದೆ. ಬೇರಿಂಗ್ ಕೂತಿರುವ ಲೋಹದ ಭಾಗ, ಅಂದರೆ ನಕಲ್ (knuckle), ಬಿಚ್ಚಿಕೊಂಡು ಮರುದಿನ ಲೇತ್ ಅಂಗಡಿಗೆ ಹೋದೆ.

"ಹಾತೋಡಾ ನಕೋ," ಸುತ್ತಿಗೆ ಬೇಡ, ಅಂತ ಮರಾಠಿಯಲ್ಲಿ ಅಂದರು ಅಲ್ಲಿನ ದಾದಾ, ನಾನು ಕೇಳುವ ಮೊದಲೇ. ಬಡಿಯದೆ ಒತ್ತುವ ಯಂತ್ರ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹಳೆಯದನ್ನು ತೆಗೆದರು. ಹೊಸದನ್ನು ನಕಲ್‌ಗೆ ಕೂರಿಸುವಾಗ ಹೊರ ಉಂಗುರದ ಮೇಲೆ ಮಾತ್ರ ಒತ್ತಿದರು. ಗಾಲಿ ಕೂರುವ ಹಬ್ ಅನ್ನು ಬೇರಿಂಗ್ ಒಳಗೆ ಇಳಿಸುವಾಗ ಒಳ ಉಂಗುರಕ್ಕೆ ಕೆಳಗಿನಿಂದ ಆಸರೆ ಕೊಟ್ಟರು. ಗುಂಡುಗಳ ಮೇಲೆ ಒತ್ತಡ ಬೀಳಲೇ ಇಲ್ಲ. ನಾನು ಮನೆಗೆ ಬಂದು ಹೊಸ ನಟ್ ಹಾಕಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಟ್ಟು ಬಿಗಿದೆ. ಕೊನೆಗೆ ಗಾಲಿಗಳ ಕೋನ ಸರಿಮಾಡುವ ಅಲೈನ್‌ಮೆಂಟ್ ಮಾಡಿಸಿದೆ. ಸದ್ದು ಹೋಯಿತು.

ಊರಿನ ಗೆಳೆಯರಿಗೆ ಇದನ್ನೇ ಹೇಳುತ್ತಿದ್ದೇನೆ. ಮನೆಯಲ್ಲೇ ಬಿಚ್ಚಿ, ಮನೆಯಲ್ಲೇ ಜೋಡಿಸಿ. ನಡುವಿನ ಆ ಅರ್ಧ ಗಂಟೆಯ ಕೆಲಸಕ್ಕೆ ಮಾತ್ರ ನಕಲ್ ಚೀಲದಲ್ಲಿ ಹಾಕಿಕೊಂಡು ಪ್ರೆಸ್ ಇರುವಲ್ಲಿಗೆ ಹೋಗಿ. ಹುಬ್ಬಳ್ಳಿಯಲ್ಲೂ ಲೇತ್ ಅಂಗಡಿಗಳಿಗೆ ಬರವಿಲ್ಲ, ಅಲ್ವಾ?