ಇಗರ್ಜಿ ಹೊಸದು, ಚಿತ್ರ ಹಳೇದು

ನಮ್ಮ ಮಂಗಳೂರು ಕಡೆ ಹೊಸ ಇಗರ್ಜಿ ಕಟ್ಟಿದರೆ ನೆಲದ ಗ್ರಾನೈಟ್ ಹೊಸದು, ಮೈಕ್ ಸೆಟ್ ಹೊಸದು. ಯೇಸುವಿನ ಚಿತ್ರ ಮಾತ್ರ ಎಷ್ಟೋ ಕಡೆ ಯುರೋಪಿನ ಯಾವುದೋ ಹಳೇ ಪ್ರಿಂಟಿನ ನಕಲು. ಅದೇ ಗುಲಾಬಿ ಕೆನ್ನೆ, ಅದೇ ಬಾಚಿದ ಗಡ್ಡ. ನಾನೀಗ ಇರುವ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಬೇರೆ ದಾರಿ ಹಿಡಿದರು. ನನಗೆ ಅದೇ ಸರಿ ಅನಿಸುತ್ತದೆ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಇಲ್ಲಿನ ಕೆಥೆಡ್ರಲ್ ಸುಟ್ಟುಹೋಯಿತು. ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್ ಆ ಪಾಳು ಗೋಡೆಗಳನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸದು ಕಟ್ಟಿದರು. 1962ರಲ್ಲಿ ಅದರ ಪ್ರತಿಷ್ಠೆ ಆಯಿತು. ಕಲಾವಿದರೂ ಆ ಕಾಲದವರೇ. ಹೊರಗೋಡೆಯ ಸಂತ ಮೈಕೇಲನ ಶಿಲ್ಪ ಜೇಕಬ್ ಎಪ್‌ಸ್ಟೀನ್ ಮಾಡಿದ್ದು. ಅವರು ಯಹೂದಿ ಅಲ್ವಾ ಅಂತ ಸಮಿತಿಯಲ್ಲಿ ಯಾರೋ ರಾಗ ಎಳೆದರಂತೆ. ಯೇಸುವೂ ಯಹೂದಿಯೇ ಅಂದರಂತೆ ಸ್ಪೆನ್ಸ್!

ಒಳಗೆ ಗ್ರಹಾಂ ಸದರ್‌ಲ್ಯಾಂಡ್ ರೂಪಿಸಿದ, ಫ್ರಾನ್ಸಿನ ಮಗ್ಗದಲ್ಲಿ ನೇಯ್ದ ಯೇಸುವಿನ ಚಿತ್ರವಿದೆ. ಎತ್ತರ ಸುಮಾರು 23 ಮೀಟರ್. ಮುಖ ಮುದ್ದಾಗಿಲ್ಲ, ಗಂಭೀರ. ಪಾದಗಳ ನಡುವೆ ಆಳೆತ್ತರದ ಒಬ್ಬ ಮನುಷ್ಯ ನಿಂತಿದ್ದಾನೆ. ಅಷ್ಟು ದೊಡ್ಡ ಚಿತ್ರದಲ್ಲಿ ಅವನನ್ನು ಹುಡುಕಬೇಕು.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ಜಾನ್ ಪೈಪರ್ ರೂಪಿಸಿದ ಬಣ್ಣದ ಗಾಜಿನ ಕಿಟಕಿ. ಅದರಲ್ಲಿ ಸಂತರಿಲ್ಲ, ಕಥೆಯಿಲ್ಲ, ಬರೀ ಬಣ್ಣ. ನಡುವೆ ಬಿಳಿ, ಹಳದಿ. ಅಂಚಿಗೆ ಹೋದಂತೆ ನೀಲಿ, ಕೆಂಪು. ಅದರ ಮುಂದೆ ಬೆತ್ಲೆಹೇಮಿನಿಂದ ತಂದ ಬಂಡೆಯೇ ಜ್ಞಾನಸ್ನಾನದ ತೊಟ್ಟಿ. ಮಗುವಿನ ತಲೆಗೆ ನೀರು ಹಾಕುವಾಗ ಇನ್ನೇನು ಚಿತ್ರ ಬೇಕು?

ಇಲ್ಲಿ ಸುಮ್ನೆ ನೋಡಿ ಹೋಗುವವರೇ ಜಾಸ್ತಿ, ನಿಜ. ನಮ್ಮಲ್ಲಿ ನಕಲು ಚಿತ್ರದ ಮುಂದೆಯೂ ಜನ ಮೊಣಕಾಲೂರುತ್ತಾರೆ. ಆದರೆ ಆ ಭಕ್ತಿಗೆ ನಕಲೇ ಆಗಬೇಕು ಅಂತೇನಿಲ್ಲವಲ್ಲ.

ಮಂಗಳೂರಿನ ಅಲೋಶಿಯಸ್ ಚಾಪೆಲನ್ನು ಮುಟ್ಟಿ ಅಂತ ನಾನು ಹೇಳುತ್ತಿಲ್ಲ, ಜಗಳಕ್ಕೆ ಬರಬೇಡಿ. ಅಲ್ಲಿನ ಚಿತ್ರಗಳೂ ಕ್ಯಾಟಲಾಗ್ ನೋಡಿ ತರಿಸಿದ್ದಲ್ಲ. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಮಂಗಳೂರಲ್ಲೇ ಇದ್ದು ಗೋಡೆ, ಚಾವಣಿ ತುಂಬಿಸಿದರು. ಶೈಲಿ ಆಗಲೇ ಹಳೆಯದಾಗಿತ್ತು ಅನ್ನಬಹುದು. ಕೈ ಮಾತ್ರ ಒಬ್ಬ ಕಲಾವಿದನದ್ದೇ.

ನಮ್ಮಲ್ಲಿ ಕಲಾವಿದರಿಲ್ಲ ಅನ್ನೋ ಹಾಗೂ ಇಲ್ಲ. ಬೆಂಗಳೂರಿನ ಹತ್ತಿರದ ಸಿಲ್ವೇಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ, ನಮ್ಮ ದೇಶದ ಸಂಕೇತಗಳಲ್ಲೇ ಯೇಸುವಿನ ಚಿತ್ರ ಬರೆದವರು. ಆದರೆ ನಮ್ಮ ಕಟ್ಟಡ ಸಮಿತಿಗಳಿಗೆ ಚಿತ್ರದ ನೆನಪಾಗುವುದು ಗೋಡೆಗೆ ಪೇಂಟ್ ಆಗಿ, ದುಡ್ಡು ಮುಗಿದ ಮೇಲೆ. ಎಸ್ಟಿಮೇಟಿನಲ್ಲೇ ಕಲಾವಿದರಿಗೂ ಒಂದು ಸಾಲು ಇಟ್ಟರೆ ಏನು ಹೋಗುತ್ತದೆ?