ಪಳಗಿದ ಕಾವಲಿ, ಪಳಗದ ಇವರು

ಕಾವಲಿ ಬೆಳ್ಳಗಾಗಿತ್ತು.

"ಅದಕ್ಕೇನಂತೆ, ಒಳ್ಳೇದೇ ಆಯ್ತಲ್ಲ" ಅಂತ ನಿಮಗೆ ಅನ್ನಿಸಿದ್ದರೆ ನೀವು ನಮ್ಮ ಮನೆಯವರ ಪಾರ್ಟಿ. ಜಗಲಿಯಲ್ಲಿ ಕೂತಿದ್ದಾರೆ, ಹೋಗಿ ಕಾಫಿ ಕುಡಿಯಿರಿ. ಉಳಿದವರು, ಅಂದರೆ ದಿನಾ ಬೆಳಿಗ್ಗೆ ದೋಸೆ ಎಬ್ಬಿಸುವವರು, ಇಲ್ಲೇ ಇರಿ. ನನ್ನ ಸಂಕಟ ನಿಮಗೆ ಅರ್ಥ ಆಗುತ್ತೆ.

ಸಾಗರದಲ್ಲಿ ಅಕ್ಕನಿಗೆ ಮೊಣಕಾಲು ನೋವು ಅಂತ ಎರಡು ದಿನ ಹೋಗಿದ್ದೆ. ಭಾನುವಾರ ಸಂಜೆ ಪುಷ್ಯ ಮಳೆಯಲ್ಲಿ ನೆನೆದು ಶಿವಮೊಗ್ಗದ ಮನೆಗೆ ಬಂದರೆ ಇವರು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಫಸ್ಟ್ ಕ್ಲಾಸ್ ಬಂದ ಹುಡುಗ ಮಾರ್ಕ್ಸ್ ಕಾರ್ಡ್ ಹಿಡಿದು ನಿಂತ ಹಾಗೆ. ಕಟ್ಟೆಯ ಮೇಲೆ ನನ್ನ ಬೀಡಿನ ಕಾವಲಿ. ಉಪನಯನದ ವಟುವಿನ ತಲೆಯ ಹಾಗೆ ಬೋಳಾಗಿ, ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು.

"ನೋಡೇ, ಹದಿನೆಂಟು ವರ್ಷದ ಕೊಳೆ! ರಾತ್ರಿಯೆಲ್ಲ ಹುಣಸೆಹಣ್ಣಲ್ಲಿ ನೆನೆಸಿ, ಬೆಳಿಗ್ಗೆ ಎರಡು ಗಂಟೆ ಉಜ್ಜಿದೀನಿ. ನೀನು ಒಂದು ದಿನಾನೂ ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ."

ತಪ್ಪು ನನ್ನದೂ ಇದೆ. ಭೀಮನ ಅಮಾವಾಸ್ಯೆ ಹತ್ತಿರ ಬಂತಲ್ಲ ಅಂತ ಊರಿಗೆ ಹೋಗುವ ಮುಂಚೆ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಇವರು ಪೇಪರ್ ಮರೆಯಿಂದ ನೋಡುತ್ತಿದ್ದರು. ಹಿತ್ತಾಳೆಯ ಕಪ್ಪನ್ನು ಹುಣಸೆಯ ಹುಳಿ ಕರಗಿಸುತ್ತೆ, ಕೆಳಗಿನ ಚಿನ್ನದಂಥ ಬಣ್ಣ ಮೇಲೆ ಬರುತ್ತೆ. ಅದನ್ನು ನೋಡಿ ಇವರ ತಲೆಯಲ್ಲಿ ಒಂದು ಸೂತ್ರ ಸಿದ್ಧವಾಗಿದೆ: ಕಪ್ಪು ಕಂಡರೆ ಹುಣಸೆಹಣ್ಣು. ಆಮೇಲೆ ಮನೆಯಲ್ಲಿ ಕಪ್ಪಗಿರೋದು ಏನೇನಿದೆ ಅಂತ ಹುಡುಕಿದ್ದಾರೆ.

ಹತ್ತಿರ ಹೋಗಿ ನೋಡಿದರೆ ಕಾವಲಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು.

"ಇದೇನ್ರೀ?"

"ಅದಾ... ಮಧ್ಯಾಹ್ನ ಇರ್ಲಿಲ್ಲ."

ಇರಲ್ಲ. ನಮ್ಮ ಮಳೆಗಾಲದಲ್ಲಿ ಬೋಳು ಕಬ್ಬಿಣ ತುಕ್ಕು ಹಿಡಿಯೋಕೆ ಒಂದು ಮಧ್ಯಾಹ್ನ ಸಾಕು. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತೆ, ಬೀರುವಿನಲ್ಲಿಟ್ಟ ಬೆಲ್ಟಿನ ಮೇಲೆ ಬೂಷ್ಟು ಬರುತ್ತೆ, ಬೆಂಕಿಪೊಟ್ಟಣ ಗೀರಿದರೆ ಕಡ್ಡಿಯ ತಲೆ ಮೆತ್ತಗೆ ಕಿತ್ತು ಬರುತ್ತೆ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಹೊಡೆಯೋದು ಆಗುಂಬೆಯಲ್ಲಿ. ಅದರ ತೇವ ಮಾತ್ರ ಶಿವಮೊಗ್ಗದ ಅಡುಗೆಮನೆಗಳಿಗೂ ಹಂಚಿಕೆ ಆಗುತ್ತೆ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ಮುಗೀತು. ಅಲ್ಯೂಮಿನಿಯಂ ಮೇಲೂ ಇಂಥದ್ದೇ ಒಂದು ಪೊರೆ ಬೆಳೆಯುತ್ತೆ. ಆದರೆ ಅದು ಗಟ್ಟಿಯಾಗಿ ಅಂಟಿಕೊಂಡು ಪಾತ್ರೆಯನ್ನು ಕಾಯುತ್ತೆ. ಕಬ್ಬಿಣದ ತುಕ್ಕು ಹಾಗಲ್ಲ. ಉಬ್ಬುತ್ತೆ, ಹಕ್ಕಳೆಯಾಗಿ ಉದುರುತ್ತೆ, ಕೆಳಗಿನ ಹೊಸ ಕಬ್ಬಿಣಕ್ಕೆ ದಾರಿ ಬಿಟ್ಟುಕೊಡುತ್ತೆ.

ಇವರು "ಕೊಳೆ" ಅಂದ ಆ ಕಪ್ಪು ಏನು ಅಂತ ಹೇಳಿಬಿಡುತ್ತೇನೆ, ಹೊಟ್ಟೆಯುರಿ ಸ್ವಲ್ಪ ಕಮ್ಮಿ ಆಗಲಿ. ಎಣ್ಣೆಯನ್ನು ತೆಳ್ಳಗೆ ಸವರಿ ಚೆನ್ನಾಗಿ ಕಾಯಿಸಿದರೆ ಅದು ಎಣ್ಣೆಯಾಗಿ ಉಳಿಯೋದಿಲ್ಲ. ಎಣ್ಣೆಯ ಕಣಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಬಲೆ ಹೆಣೆದ ಹಾಗೆ ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಪಾಲಿಮರ್ ಅಂತಾರಲ್ಲ, ಅದೇ. ನಿಮ್ಮ ಎಣ್ಣೆ ಡಬ್ಬಿಯ ಹೊರಗೆ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯ ಮೇಲೆ, ಎಷ್ಟು ತಿಕ್ಕಿದರೂ ಹೋಗದ ಹಳದಿ ಜಿಡ್ಡು ಇದೆಯಲ್ಲ? ಕಾವಲಿಯ ಕಪ್ಪು ಅದರ ಅಣ್ಣ. ಆ ಫ್ಯಾನ್ ತಿಕ್ಕಿಕೊಡಿ ಅಂತ ಇವರಿಗೆ ಮೂರು ಯುಗಾದಿಯಿಂದ ಹೇಳುತ್ತಿದ್ದೇನೆ. ಅದರ ರೆಕ್ಕೆಯ ಜಿಡ್ಡು ಹಾಗೇ ಇದೆ.

ಮಾತಿಗೆ ಮಾತು ಬಂದಾಗ ಇವರು ತೆಗೆಯೋದು ಭದ್ರಾವತಿಯ ಅಸ್ತ್ರ. ಇವರು ಹುಟ್ಟಿ ಬೆಳೆದಿದ್ದು ಅಲ್ಲೇ. "ಕಬ್ಬಿಣದ ಬಗ್ಗೆ ನನಗೇ ಹೇಳ್ತೀಯಾ? 1923ರಿಂದ ನಮ್ಮೂರಲ್ಲಿ ಕಬ್ಬಿಣ ಕರಗಿಸಿದ್ದಾರೆ. ಕೆಮ್ಮಣ್ಣುಗುಂಡಿ ಅದಿರು, ಮಲೆನಾಡಿನ ಇದ್ದಿಲು, ವಿಶ್ವೇಶ್ವರಯ್ಯನವರು..." ಎಲ್ಲ ನಿಜ. ಕರಗಿಸಿದ್ದು ಕಾರ್ಖಾನೆ, ಇವರಲ್ಲ. ಇವರು ಮೂವತ್ತು ವರ್ಷ ಫೈಲುಗಳಿಗೆ ಟ್ಯಾಗ್ ಕಟ್ಟಿ ನಿವೃತ್ತರಾದವರು.

ಎರಡನೇ ಅಸ್ತ್ರ ಮೊಬೈಲಿನಿಂದ ಬಂತು. "ಸೋಪು ಹಾಕಿದ್ರೆ ಏನೂ ಆಗಲ್ಲ ಅಂತ ವಿಜ್ಞಾನಾನೇ ಹೇಳುತ್ತೆ." ಅದೂ ನಿಜವೇ. ಹಿಂದಿನ ಕಾಲದ ಸೋಪಿನಲ್ಲಿ ಕಾಸ್ಟಿಕ್ ಸೋಡಾ ಉಳಿದಿರುತ್ತಿತ್ತು, ಅದು ಈ ಪೊರೆಯನ್ನು ತಿನ್ನುತ್ತಿತ್ತು. ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್ಡಿಗೆ ಅಷ್ಟು ಶಕ್ತಿ ಇಲ್ಲ. ಆದರೆ ನಾನು ಕೇಳಿದ್ದು ಸೋಪಿನ ಮಾತಲ್ಲ ಸ್ವಾಮಿ. ರಾತ್ರಿಯಿಡೀ ಹುಣಸೆಹುಳಿ, ಮೇಲೆ ಸ್ಟೀಲ್ ನಾರು. ಅದಕ್ಕೆ ಯಾವ ವಿಡಿಯೋದಲ್ಲೂ ಉತ್ತರ ಸಿಗಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಕಾವಲಿ ತವರಿನದು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಅಮ್ಮ ತೆಗೆದುಕೊಂಡಿದ್ದು. ಮೂರು ವರ್ಷ ತಾನೇ ಪಳಗಿಸಿ, ಹದಕ್ಕೆ ಬಂದ ಮೇಲೆ ನನಗೆ ಕೊಟ್ಟಿದ್ದು. ಅತ್ತೇಬಿಡುತ್ತಾಳೆ ಅಂದುಕೊಂಡಿದ್ದೆ.

"ಅಯ್ಯೋ ಪಾಪ," ಅಂದಳು ಅಮ್ಮ. "ಎರಡು ತಾಸು ಉಜ್ಜಿದ್ರಾ? ಅಳಿಯಂದಿರ ಕೈಗೆ ಎಂತ ಆಗ್ಲಿಲ್ವಲ್ಲ?"

"ಅಮ್ಮಾ, ಕಾವಲಿ!"

"ಅದು ಕಬ್ಬಿಣ ಮಾರಾಯ್ತಿ, ಮತ್ತೆ ಬರ್ತದೆ. ಅವರಿಗೆ ಎಂತದೂ ಹೇಳೋಕೆ ಹೋಗ್ಬೇಡ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕೈಗೆ ಹಚ್ಚು."

ಎರಡು ದಿನಕ್ಕೆ ಭೀಮನ ಅಮಾವಾಸ್ಯೆ. ತುಕ್ಕು ಹಿಡಿದ ಕಾವಲಿಯನ್ನು ಒಳಗಿಟ್ಟುಕೊಂಡು, ಅದನ್ನು ಹಾಗೆ ಮಾಡಿದ ಪಾದಗಳಿಗೇ ಅರಿಶಿನ ಕುಂಕುಮ ಹಚ್ಚಿ ನಮಸ್ಕಾರ ಮಾಡಿದೆ. ಪಾದಗಳ ತಪ್ಪೇನಿಲ್ಲ, ಕೈ ಮಾಡಿದ್ದು ಅಂತ ಸಮಾಧಾನ ಮಾಡಿಕೊಂಡೆ. ಇವರು ಮಾತ್ರ "ದೀರ್ಘ ಸುಮಂಗಲಿ ಭವ" ಅಂದವರೇ ಅದೇ ಉಸಿರಿನಲ್ಲಿ "ಇವತ್ತು ಅದನ್ನ ನಾನೇ ಸೀಸನಿಂಗ್ ಮಾಡ್ತೀನಿ" ಅಂದರು.

ನಮ್ಮಲ್ಲಿ ಇದಕ್ಕೆ ಪಳಗಿಸೋದು ಅಂತಾರೆ. ಸಕ್ರೆಬೈಲಿನಲ್ಲಿ ಆನೆಗೆ ಮಾಡೋದೂ ಅದೇ ಹೆಸರಿನ ಕೆಲಸ. ಅಲ್ಲಿ ಕನಿಷ್ಠ ಮಾವುತನಿಗೆ ಕೆಲಸ ಗೊತ್ತಿರುತ್ತೆ.

ಇವರು ಗಾಂಧಿ ಬಜಾರಿಗೆ ಹೋಗಿ ಅಗಸೆ ಎಣ್ಣೆ ತಂದರು. ಕ್ರಿಕೆಟ್ ಬ್ಯಾಟಿಗೆ ಹಚ್ಚುತ್ತಾರಲ್ಲ, ಆ ಜಾತಿಯದು. ಎಲ್ಲಕ್ಕಿಂತ ಬೇಗ ಒಣಗಿ ಗಟ್ಟಿಯಾಗುವ ಎಣ್ಣೆ ಅಂತ ಅದಕ್ಕೆ ಹೆಸರು. ಆದರೆ ಆ ಪೊರೆ ಆಮೇಲೆ ಚಕ್ಕೆಯಾಗಿ ಏಳೋದೂ ಉಂಟು. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಸೋಮಾರಿ. ಅದರ ಕಣಗಳಿಗೆ ಕೊಂಡಿ ಹಾಕಿಕೊಳ್ಳೋಕೆ ಜಾಗವೇ ಕಮ್ಮಿ. ಮನೆಯಲ್ಲಿದ್ದ ಸೂರ್ಯಕಾಂತಿ ಎಣ್ಣೆಯೇ ಸಾಕಿತ್ತು. ಹೇಳಿದೆ. ಕೇಳಿಸಿಕೊಳ್ಳಲಿಲ್ಲ.

"ಟೆಂಪರೇಚರ್ ಮುಖ್ಯ. 200 ಡಿಗ್ರಿ ದಾಟಬೇಕು," ಅಂದರು. ಅಳೆಯೋದು ಹೇಗೆ? ಒಳಗೆ ಹೋಗಿ ಒಂದು ಗನ್ ತಂದರು. 2020ರಲ್ಲಿ ಬಂದವರ ಹಣೆಗೆಲ್ಲ ಹಿಡಿಯುತ್ತಿದ್ದ ಜ್ವರದ ಗನ್.

ಕಾವಲಿ ಕಾದಿತ್ತು, ಸಣ್ಣಗೆ ಹೊಗೆ ಏಳುತ್ತಿತ್ತು. ಇವರು ಬಗ್ಗಿ, ಕಾವಲಿಯ ಹಣೆ ಯಾವ ಕಡೆ ಅಂತ ಯೋಚಿಸಿ, ನಡುಮಧ್ಯಕ್ಕೆ ಗುರಿಯಿಟ್ಟು ಒತ್ತಿದರು. ಅದು ಕೀಂವ್ ಕೀಂವ್ ಅಂತ ಕಿರುಚಿ, ಪರದೆ ಕೆಂಪು ಮಾಡಿಕೊಂಡು, ಎರಡು ಇಂಗ್ಲಿಷ್ ಅಕ್ಷರ ತೋರಿಸಿತು. ಎಚ್, ಐ.

"ಹಾಯ್ ಅಂತಿದೆ," ಅಂದರು ಇವರು. ಮುಖದಲ್ಲಿ ನಗುವಿರಲಿಲ್ಲ.

ಅದು ಮನುಷ್ಯರ ಜ್ವರ ನೋಡುವ ಯಂತ್ರ. ನಲವತ್ತಮೂರರ ಹತ್ತಿರ ಹೋದರೆ ಅದರ ಲೆಕ್ಕ ಮುಗಿಯಿತು, ಆಮೇಲೆ ಎಲ್ಲಕ್ಕೂ "ಹೈ" ಅನ್ನುತ್ತೆ. ಅದು ಇವರಿಗೆ ಹೊಳೆಯಲಿಲ್ಲ. ಮತ್ತೆ ಒತ್ತಿದರು. ಹಾಯ್. ಎಡಗಡೆಯಿಂದ. ಹಾಯ್. ಕೈ ಸುಟ್ಟಿತು ಅಂತ ಹಿಂದೆ ಸರಿದು, ಕೆಟ್ಟಿದೆಯೋ ಏನೋ ನೋಡೋಣ ಅಂತ ಮಳೆಗೆ ತೊಯ್ದ ಕಿಟಕಿ ಗಾಜಿಗೆ ಹಿಡಿದರು. ಮೂವತ್ತೆರಡಕ್ಕಿಂತ ತಣ್ಣಗಿದ್ದರೆ ಅದು ಬೇರೆ ಎರಡಕ್ಷರ ತೋರಿಸುತ್ತೆ.

"ಲೋ," ಅಂದಿತು.

"ಏನಂತೆ?" ಅಂದೆ ನಾನು, ಗೊತ್ತಿದ್ದೂ.

"ಲೋ ಅಂತೆ."

ಕಾವಲಿ ಕಡೆ ಹಿಡಿದರೆ ಹಾಯ್, ಗೋಡೆ ಕಡೆ ಹಿಡಿದರೆ ಲೋ. ಹಾಯ್, ಲೋ, ಹಾಯ್, ಲೋ. ಆಫೀಸಿನಲ್ಲಿ ಮೂವತ್ತು ವರ್ಷ ಎಲ್ಲರ ಬಾಯಲ್ಲೂ ಸಾರ್ ಅನ್ನಿಸಿಕೊಂಡವರು, ಒಂದು ಬ್ಯಾಟರಿ ಗನ್ನಿನ ಹತ್ತಿರ ಹೀಗೆ ಅನ್ನಿಸಿಕೊಂಡು ನಿಂತಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದೆ. ಎರಡು ದಿನದ ಸಿಟ್ಟಿನ ಅರ್ಧ ಭಾಗ ಅಲ್ಲೇ ಹೋಯಿತು. ಅರ್ಧ ಮಾತ್ರ.

ಅಮ್ಮ ಇದನ್ನು ನಾಲ್ಕು ಹನಿ ನೀರಲ್ಲಿ ಮುಗಿಸುತ್ತಿದ್ದಳು. ಕೈ ಅದ್ದಿ ಕಾವಲಿಗೆ ಚಿಮುಕಿಸೋದು. ಚುಂಯ್ ಅಂತ ಅಲ್ಲೇ ಆರಿದರೆ ದೋಸೆ ಹೊಯ್ಯಬಹುದು. ಹನಿ ಆರದೆ ಮುತ್ತಿನ ಹಾಗೆ ಉರುಳಾಡಿದರೆ ಕಾವಲಿ ಜಾಸ್ತಿ ಕಾದಿದೆ, ಉರಿ ತಗ್ಗಿಸು. ಹನಿಯ ಅಡಿಯಲ್ಲಿ ಆವಿಯ ಹಾಸಿಗೆ ಆಗಿಬಿಡುತ್ತೆ, ಅದಕ್ಕೇ ತೇಲೋದು. ಲೈಡನ್‌ಫ್ರಾಸ್ಟ್ ಅನ್ನೋ ಜರ್ಮನ್ ವೈದ್ಯರು 1756ರಲ್ಲೇ ಕಾದ ಕಬ್ಬಿಣದ ಚಮಚಕ್ಕೆ ನೀರು ಹಾಕಿ ಇದನ್ನು ಬರೆದಿಟ್ಟರು. ವೈದ್ಯರಾದರೂ ಅವರು ಚಮಚದ ಜ್ವರ ನೋಡೋಕೆ ಹೋಗಲಿಲ್ಲ.

ಇವರ ಮೊದಲ ಪದರ ಕೈಕೊಟ್ಟಿತು. ಎಣ್ಣೆ ಜಾಸ್ತಿ ಆದರೆ ಗಟ್ಟಿಯಾಗಲ್ಲ, ಅಂಟಾಗುತ್ತೆ. ಹಲಸಿನ ಮೇಣ ಮೆತ್ತಿದ ಹಾಗೆ ಆಗಿತ್ತು ಕಾವಲಿ. ಅದರ ಮೇಲೆ ನೀರುದೋಸೆ ಹೊಯ್ದು ನೋಡೋಣ ಅಂದರು. ನೀರುದೋಸೆ! ಪಳಗಿದ ಕಾವಲಿಯನ್ನೇ ಪರೀಕ್ಷೆ ಮಾಡುವ ದೋಸೆ ಅದು. ಕಾವಲಿ ಒಂದನ್ನೂ ಬಿಟ್ಟುಕೊಡಲಿಲ್ಲ. ಸಟ್ಟುಗದಲ್ಲಿ ಕೆರೆದು ಕೆರೆದು ಬಂದ ಚೂರುಗಳಿಗೆ ಒಗ್ಗರಣೆ ಹಾಕಿ ಕೊಟ್ಟೆ. "ಉಪ್ಪಿಟ್ಟು ಚೆನ್ನಾಗಿದೆ" ಅಂತ ಎರಡು ಸಲ ಹಾಕಿಸಿಕೊಂಡರು.

ಮಾರನೇ ದಿನ ನಾನೇ ಕೂತೆ. ಆ ಮೇಣವನ್ನೆಲ್ಲ ಇವರ ಕೈಲೇ ತಿಕ್ಕಿಸಿದೆ, ಅಭ್ಯಾಸ ಇದೆಯಲ್ಲ. ಅಮ್ಮ ಹೇಳಿದ ಹಾಗೆ ಎರಡು ದಿನ ಅನ್ನದ ತೆಳಿಯಲ್ಲಿ ನೆನೆಹಾಕಿದೆ. ತೆಳಿ ಸ್ವಲ್ಪ ಹುಳಿ ಬಂದು ಉಳಿದ ತುಕ್ಕನ್ನು ಬಿಡಿಸುತ್ತೆ. ತೊಳೆದು, ತಕ್ಷಣ ಒಲೆಯ ಮೇಲಿಟ್ಟು ನೀರಿನ ಪಸೆ ಇಲ್ಲದ ಹಾಗೆ ಒಣಗಿಸಿದೆ. ಬಿಸಿ ಇರುವಾಗ ತಣ್ಣೀರು ಮಾತ್ರ ತಾಗಿಸಲಿಲ್ಲ. ಬೀಡು ಕಬ್ಬಿಣದಲ್ಲಿ ಇಂಗಾಲ ಜಾಸ್ತಿ, ನೂರಕ್ಕೆ 2ರಿಂದ 4 ಪಾಲು. ಗಟ್ಟಿ, ಆದರೆ ಪೆಡಸು. ಟಪ್ ಅಂತ ಬಿರುಕು ಬಿಡುತ್ತೆ. ಆಮೇಲೆ ಬಟ್ಟೆಯಲ್ಲಿ ಚೂರು ಎಣ್ಣೆ. ಅಮ್ಮನ ಮಾತು: "ಹಚ್ಚು, ಆಮೇಲೆ ಹಚ್ಚಲೇ ಇಲ್ಲ ಅನ್ನೋ ಹಾಗೆ ಒರೆಸು." ಸಣ್ಣ ಹೊಗೆ ಬಂದು ನಿಲ್ಲುವವರೆಗೆ ಕಾಯಿಸೋದು, ಆರಿಸೋದು, ಮತ್ತೆ ಹಚ್ಚೋದು. ಐದು ಸಲ ಮಾಡಿದೆ. ಇವರು ಪ್ರತಿ ಸಲವೂ ಕ್ಯಾಲೆಂಡರಿನ ಮೇಲೆ "ಪದರ 1", "ಪದರ 2" ಅಂತ ಬರೆದರು. ಹಾಲಿನ ಲೆಕ್ಕದ ಪಕ್ಕದಲ್ಲಿ.

ಒರೆಸುತ್ತಾ ಕೂತಾಗ ಒಂದು ಯೋಚನೆ ಬಂತು. ಹೋದ ಆ ಕಪ್ಪಿನಲ್ಲಿ ಅಮ್ಮನ ಮೂರು ವರ್ಷ ಇತ್ತು. ಮಗಳು ಸ್ಕೂಲಿಗೆ ಹೋಗುವಾಗ ಯೂನಿಫಾರಂ ಹಾಕಿಕೊಂಡು ನಿಂತೇ ತಿಂದ ದೋಸೆಗಳಿದ್ದವು. ಈಗ ಬೆಂಗಳೂರಿನಲ್ಲಿ ಅವಳು ನಾನ್‌ಸ್ಟಿಕ್ಕಿನಲ್ಲಿ ಏನೋ ಬೆಳ್ಳಗಿರೋದನ್ನು ಹೊಯ್ದು ಫೋಟೋ ಕಳಿಸುತ್ತಾಳೆ. ಈ ಕಾವಲಿ ಅವಳಿಗೆ ಅಂತಿತ್ತು. ಕೊಡುವಷ್ಟರಲ್ಲಿ ಮತ್ತೆ ಅಷ್ಟು ಕಪ್ಪಾಗುತ್ತೋ ಇಲ್ಲವೋ. ನನಗೂ ಐವತ್ತೇಳು.

ಇವತ್ತು ಬೆಳಿಗ್ಗೆ ಉದ್ದಿನ ದೋಸೆ ಹೊಯ್ದೆ. ಈರುಳ್ಳಿ ಅರ್ಧ ಹೋಳನ್ನು ಎಣ್ಣೆಗದ್ದಿ ಉಜ್ಜಿ, ನೀರು ಚಿಮುಕಿಸಿ. ಮೊದಲನೆಯದು ಹರಿಯಿತು, ಅದು ಯಾವಾಗಲೂ ಕಾವಲಿಯ ಪಾಲು. ಎರಡು, ಮೂರು ಅರ್ಧರ್ಧ ಬಂದವು. ಏಳನೆಯದರ ಅಂಚು ತಾನಾಗಿ ಬಿಟ್ಟುಕೊಂಡು ಮೇಲಕ್ಕೆ ಬಾಗಿತು. ಸಟ್ಟುಗ ತೂರಿಸಿದೆ, ಸರಕ್ ಅಂತ ಇಡೀ ದೋಸೆ ಎದ್ದಿತು. ಬೀಡಿನ ಕಾವಲಿ ಭಾರ ಇರೋದು ಇದಕ್ಕೇ. ತಣ್ಣನೆ ಹಿಟ್ಟು ಬಿದ್ದರೂ ಅದರ ಬಿಸಿ ಅಷ್ಟು ಬೇಗ ಇಳಿಯಲ್ಲ, ಅಡಿಭಾಗ ಕೆಂಪಗೆ ಗರಿಯಾಗಿ ಬರುತ್ತೆ.

"ನೋಡಿದ್ಯಾ, ನಾನು ಹಳೇದು ಕಿತ್ತಿದ್ದಕ್ಕೇ ಹೊಸದು ಇಷ್ಟು ಚೆನ್ನಾಗಿ ಕೂತಿದ್ದು," ಅಂದರು ತಟ್ಟೆ ಹಿಡಿದು ನಿಂತವರು. ನಾನು ಮಾತಾಡಲಿಲ್ಲ. ಎಂಟನೆಯದು ಹೊಯ್ದೆ.

ಅಷ್ಟರಲ್ಲಿ ಇವರ ಕಣ್ಣು ಗೋಡೆಗೆ ನೇತುಹಾಕಿದ ಒಗ್ಗರಣೆ ಸೌಟಿನ ಮೇಲೆ ಬಿತ್ತು. ಕಬ್ಬಿಣದ್ದು, ಅಜ್ಜಿಯ ಕಾಲದ್ದು, ಕಾಗೆಯಷ್ಟು ಕಪ್ಪು.

"ಇದನ್ನ ಯಾವಾಗ ತೊಳೆದಿದ್ದೆ?"

ಹುಣಸೆಹಣ್ಣಿನ ಡಬ್ಬಿ ಈಗ ನನ್ನ ಬೀರುವಿನಲ್ಲಿದೆ, ಮೇಲಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಹಿಂದೆ. ಸಾರಿಗೆ ಬೇಕಾದಾಗಲೆಲ್ಲ ಬೀಗ ತೆಗೆದು ನಿಂಬೆ ಗಾತ್ರ ಕಿತ್ತುಕೊಂಡು ಬರುತ್ತೇನೆ. ಬೀಗದ ಕೈ ಸೊಂಟದಲ್ಲಿದೆ.